ಗಂಗಮ್ಮ ಸಿಸ್ಟರ್ ತೆಗೆಸಿದ ಫೋಟೋ

ಗಂಡನ ಹೆಸರು ಹೇಳಲು ನಾಚುವ ಹೆಂಗಸರ ಹಾಗೆ, ನ್ಯಾಮತಿಯ ನಮ್ಮ ಗಂಗಮ್ಮ ಸಿಸ್ಟರ್ ಯಾವ ರೋಗದ ಹೆಸರನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕ್ಷಯ ಅವರ ಬಾಯಲ್ಲಿ ‘ಉದ್ದನೆ ಕೆಮ್ಮು’, ಸಕ್ಕರೆ ಕಾಯಿಲೆ ‘ಸಿಹಿ ಜಾಸ್ತಿ’. ಹೊಸದಾಗಿ ಬಂದ ಡಾಕ್ಟರು ಮಾತ್ರ ಈ ಭಾಷೆ ತಿಳಿಯದೆ ಒದ್ದಾಡುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ಗರ್ಭಕೋಶದ ಬಾಯಿಯ ಪರೀಕ್ಷೆಗೆಂದು ಕ್ಯಾಂಪ್ ಬಂತು. ಒಳಗಿಂದ ಚೂರು ಲೋಳೆ ಸವರಿ ಗಾಜಿಗೆ ಹಚ್ಚುವುದು, ಕ್ಯಾನ್ಸರಿನ ಸುಳಿವಿದೆಯೇ ಎಂದು ದಾವಣಗೆರೆಯಲ್ಲಿ ನೋಡುವುದು. ಆದರೆ ಆಸ್ಪತ್ರೆ ಜೀಪು ಬಂದರೆ ಸಂತಾನಹರಣದ ಆಪರೇಷನ್ನಿಗೇ ಎಂದು ಹೆಂಗಸರು ಹಿತ್ತಲ ಬಾಗಿಲಿಂದ ಪರಾರಿಯಾಗುತ್ತಿದ್ದ ಕಾಲ ಅದು. ಸಿಸ್ಟರ್ ಮನೆಮನೆಗೆ ಹೋಗಿ, “ಕೊಯ್ಯಾದು ಗಿಯ್ಯಾದು ಏನಿಲ್ರೀ. ಗಾಜಿನ ಮ್ಯಾಲೆ ಒಳಗಿಂದು ಒಂದು ಫೋಟೋ ತೆಗೀತಾರೆ, ಅಷ್ಟೇ” ಎಂದರು.

ಮರುದಿನ ನೋಡಬೇಕು! ‘ಒಳಗಿಂದು’ ಎಂಬ ಮಾತು ದಾರಿಯಲ್ಲೆಲ್ಲೋ ಉದುರಿಹೋಗಿ, ಬೀದಿಯ ಹೆಂಗಸರೆಲ್ಲ ಮದುವೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಸಾಲು ನಿಂತಿದ್ದರು. ನಮ್ಮವ್ವ ಪೌಡರನ್ನೂ ಹಚ್ಚಿದ್ದಳು. ಮೇಜಿನ ಮೇಲೆ ಮಲಗಿಸಿದವರು ಅವಳ ಮುಖವನ್ನೇ ನೋಡಲಿಲ್ಲವಂತೆ.

ಕೆಲವು ವಾರಗಳ ಮೇಲೆ ಸಿಸ್ಟರ್ ಬಂದು, “ನಿಮ್ಮ ಫೋಟೋ ಸರಿಯಾಗಿ ಬಂದಿಲ್ಲ, ದಾವಣಗೆರೆಗೆ ಹೋಗ್ಬೇಕು” ಎಂದರು.

ಅವ್ವನಿಗೆ ಸಿಟ್ಟು ಬಂತು. “ತೆಗೆಯಾಕೆ ಬರದಿದ್ರೆ ನಾನೇನು ಮಾಡ್ಲಿ? ಈ ವಯಸ್ಸಿನಾಗೆ ಚೆಂದದ ಫೋಟೋ ಯಾರಿಗೆ ಬೇಕಾಗೈತೆ?”

ಊರನ್ನೆಲ್ಲ ಆಸ್ಪತ್ರೆಗೆ ಕರೆತಂದ ಸುಳ್ಳೇ ಈಗ ಅವ್ವನನ್ನು ತಡೆದು ನಿಲ್ಲಿಸಿತ್ತು. ಸಿಸ್ಟರ್ ಮತ್ತೆ ಮತ್ತೆ ಬಂದರು, ಅವ್ವ ಜಗ್ಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಒಲೆಯ ಪಕ್ಕ ಕೂತು ಹೆಸರು ಹೇಳಿಯೇಬಿಟ್ಟರು. “ಬಸಮ್ಮಾರೇ, ಅದು ಕ್ಯಾನ್ಸರ್ ಇರ್ಬೌದು. ಈಗ್ಲೇ ಹೋದ್ರೆ ವಾಸಿ ಆಗ್ತೈತೆ.” ಹೇಳಿದವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಅವ್ವ ರೊಟ್ಟಿ ತಿರುವಿ ಹಾಕಿದಳು. “ಅಳಬ್ಯಾಡ್ರಿ. ನೀವೂ ಜೊತೆಗೆ ಬರ್ತೀರಾ?”

ಬಂದರು. ಆಪರೇಷನ್ ಆಯಿತು, ಅವ್ವ ಉಳಿದಳು. ಬೀದಿಯವರಿಗೆ ಮಾತ್ರ ‘ಹೊಟ್ಟೆನೋವು’ ಎಂದೇ ಹೇಳಿದೆವು. ನಿಜ ತಿಳಿದರೆ ನಮ್ಮ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲವೆಂಬ ಭಯ. ಈಗ ಹೆಸರು ನುಂಗುವ ಸರದಿ ನಮ್ಮದಾಗಿತ್ತು.

ಆಮೇಲೆ ಸಿಸ್ಟರಿಗೆ ಜಗಳೂರಿಗೆ ವರ್ಗವಾಯಿತು. ನಾವು ಅವರನ್ನು ಕೊನೆಯದಾಗಿ ನೋಡಿದ್ದು ಬಸ್ ಸ್ಟ್ಯಾಂಡಿನಲ್ಲಿ. ಅವ್ವ ಕಿಟಕಿಯ ಕೆಳಗೆ ನಿಂತು ಕೇಳಿದಳು, “ಅಲ್ಲೂ ಫೋಟೋ ಅಂತಾನೇ ಹೇಳ್ತೀರಾ?”

“ಕರಿಯಾಕೆ ಅಷ್ಟು ಸಾಕು. ಕೆಟ್ಟು ಬಂದ್ರೆ ಹೆಂಗೆ ಧೈರ್ಯ ಹೇಳಾದು, ಅದೇ ಗೊತ್ತಾಗ್ತಿಲ್ಲ.”

ಬಸ್ಸು ಹೊರಟಿತು. ಅವ್ವ ಅದರ ಜೊತೆಗೇ ಓಡುತ್ತ, ಊರಿನವರೆಲ್ಲ ತಿರುಗಿ ನೋಡುವಂತೆ ಕೂಗಿದಳು:

“ನನ್ನ ಹೆಸರು ಹೇಳ್ರೀ! ನ್ಯಾಮತಿ ಬಸಮ್ಮಗೆ ಕ್ಯಾನ್ಸರ್ ಆಗಿತ್ತು, ಗಟ್ಟಿಮುಟ್ಟಾಗಿ ಅದಾಳೆ ಅಂತ ಹೇಳ್ರೀ!”