ಒಂದೇ ವಿಳಾಸಕ್ಕೆ ಎರಡು ಉತ್ತರ

ಬಹ್ರೇನಿನಲ್ಲಿ ವಿಳಾಸವೆಂದರೆ ಬರೀ ಅಂಕಿಗಳು. ಫ್ಲ್ಯಾಟಿಗೊಂದು, ಕಟ್ಟಡಕ್ಕೊಂದು, ರಸ್ತೆಗೊಂದು, ಬ್ಲಾಕಿಗೊಂದು. ಬ್ಲಾಕಿನ ಅಂಕಿ ನೋಡಿದರೆ ಊರು ಯಾವುದೆಂದು ತಿಳಿಯುತ್ತದೆ. ಮನಾಮದ ಪಾರ್ಸೆಲ್ ಕಂಪನಿಯೊಂದರಲ್ಲಿ ಆ ಅಂಕಿಗಳನ್ನು ಬಿಡಿಸಿ, ಯಾವ ಊರಿಗೆ ಎಷ್ಟು ಪಾರ್ಸೆಲ್ ಹೋಯಿತೆಂದು ವರದಿ ಮಾಡುವುದು ನನ್ನ ಕೆಲಸವಾಗಿತ್ತು. ದಾವಣಗೆರೆಯಿಂದ ಹೋದ ನನಗೆ ಪಕ್ಕದ ಮೇಜಿನಲ್ಲಿ ಸಿಕ್ಕವಳು ಮಂಗಳೂರಿನ ಕಡೆಯ ಬ್ಯಾರಿ ಹುಡುಗಿ. ನನಗಿಂತ ಚಿಕ್ಕವಳು, ‘ಅಕ್ಕ’ ಎನ್ನುತ್ತಿದ್ದಳು.

ಇಬ್ಬರದೂ ಅದೇ ಕೆಲಸ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ನೋಟ್‌ಬುಕ್ಕಿನಲ್ಲಿ. ಪರದೆಯ ಮೇಲಿನ ಚೌಕದಲ್ಲಿ ನಾಲ್ಕು ಸಾಲು ಕೋಡ್ ಬರೆದು ಓಡಿಸಿದರೆ ಉತ್ತರ ಅದರ ಕೆಳಗೇ ಮೂಡುತ್ತಿತ್ತು. ವಿಳಾಸ ಬಿಡಿಸುವ ಕೋಡ್ ಅವಳು ಬರೆದದ್ದು. ಹೊಸ ನೋಟ್‌ಬುಕ್ ತೆರೆದಾಗಲೆಲ್ಲ ನಾನು ಅದನ್ನು ಹಳೆಯದರಿಂದ ಎತ್ತಿ ಅಂಟಿಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ, ವಾರದ ಕೆಲಸ ಶುರುವಾಗುವ ಹೊತ್ತಿಗೆ, ಮ್ಯಾನೇಜರ್ ನಮ್ಮಿಬ್ಬರ ವರದಿಗಳನ್ನೂ ಹಿಡಿದು ಬಂದರು. ಅವರ ಮನೆ ಇದ್ದದ್ದು ಹಮದ್ ಟೌನ್‌ನಲ್ಲಿ. “ನಮ್ಮ ಊರಿಗೆ ನಿನ್ನ ಲೆಕ್ಕದಲ್ಲಿ ಕಡಿಮೆ, ಇವಳ ಲೆಕ್ಕದಲ್ಲಿ ಜಾಸ್ತಿ. ಹೇಗೆ?” ಎಂದು ಇಂಗ್ಲಿಷಿನಲ್ಲಿ ಕೇಳಿ ಹೋದರು.

ಎರಡೂ ಪರದೆಗಳನ್ನು ಅಕ್ಕಪಕ್ಕ ತಿರುಗಿಸಿ, ಒಂದೇ ವಿಳಾಸವನ್ನು ಎರಡಕ್ಕೂ ಕೊಟ್ಟೆವು. ಅವಳ ನೋಟ್‌ಬುಕ್ ಹಮದ್ ಟೌನ್ ಅಂದಿತು, ನನ್ನದು ಮನಾಮದ ಅದ್ಲಿಯಾ.

“ಓ ಇದಾ! ಕೆಲವರು ಬ್ಲಾಕ್ ನಂಬರ್ ಮೊದಲು ಬರೀತಾರಲ್ಲಾ ಅಕ್ಕ, ನಾನು ಅದನ್ನು ಆಮೇಲೆ ಸರಿ ಮಾಡಿದ್ದೆ,” ಎಂದಳು. “ನಿಮ್ಮಲ್ಲಿ ಹಳೇದೇ ಉಂಟು.”

“ಒಂದೇ ಕಡೆ ಇಟ್ಟು ಇಬ್ರೂ ಅಲ್ಲಿಂದಾನೇ ತಗೊಳ್ಳೋಕೆ ಆಗಲ್ವಾ?”

“ಗೊತ್ತಿಲ್ಲ. ನೋಡುವ.”

ಅವಳ ನೋಟ್‌ಬುಕ್ಕನ್ನೇ ನನ್ನದರೊಳಗಿಂದ ಓಡಿಸಿದೆ. ಅವಳ ನಕ್ಷೆಗಳು, ಪಟ್ಟಿಗಳು, ಅರ್ಧಕ್ಕೆ ಬಿಟ್ಟ ಪ್ರಯೋಗಗಳು ಎಲ್ಲವೂ ನನ್ನ ಪರದೆಯ ಮೇಲೆ ಸುರಿದವು.

“ಚಿಟಿಕೆ ಉಪ್ಪು ಕೇಳಿದ್ರೆ ಅಡುಗೆಮನೇನೇ ಕಳಿಸಿದ್ಯಲ್ಲೇ!” ಎಂದೆ. ಅವಳು ನಕ್ಕು ನಕ್ಕು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

ಮಧ್ಯಾಹ್ನ ವಿಳಾಸ ಬಿಡಿಸುವ ಕೋಡನ್ನಷ್ಟೇ ಇಬ್ಬರಿಗೂ ಸಿಗುವ ಬೇರೆ ಫೈಲಿಗೆ ಹಾಕಿದಳು. ನನ್ನ ನೋಟ್‌ಬುಕ್ಕಿನ ತಲೆಯಲ್ಲಿ ಒಂದೇ ಸಾಲು ಬರೆದು ಅದನ್ನು ಕರೆಸಿಕೊಂಡೆ. ಹಮದ್ ಟೌನ್ ಸರಿಯಾಗಿ ಬಂತು. ಪರೀಕ್ಷಿಸೋಣವೆಂದು ಅವಳು ಫೈಲಿನಲ್ಲಿ ಏನೋ ಬದಲಿಸಿದಳು. ನನ್ನ ಕಡೆ ಮಾತ್ರ ಹಿಂದಿನದೇ ಉತ್ತರ. ಮತ್ತೆ ಓಡಿಸಿದರೂ ಅದೇ.

“ಎಂತ ಇದು ಮಾರಾಯ್ತಿ!” ಅಕ್ಕ ಎನ್ನುವುದನ್ನೂ ಮರೆತಿದ್ದಳು.

ತಡಕಾಡಿ ಕೊನೆಗೆ ನೋಟ್‌ಬುಕ್ಕನ್ನು ಪೂರ್ತಿ ರೀಸ್ಟಾರ್ಟ್ ಮಾಡಿದಾಗ ಹೊಸ ಉತ್ತರ ಬಂತು. ಫೈಲನ್ನು ಅದು ಒಮ್ಮೆ ಓದಿ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ತಾನಾಗಿ ಮತ್ತೆ ತೆರೆದು ನೋಡುವುದಿಲ್ಲ. ಇಷ್ಟು ಸಣ್ಣ ಸಂಗತಿ ತಿಳಿದದ್ದಕ್ಕೆ ಅಷ್ಟೊಂದು ಖುಷಿಯಾಯಿತೇಕೋ.

ವರದಿ ತಿದ್ದಿ ಮ್ಯಾನೇಜರಿಗೆ ಕೊಟ್ಟೆವು. ಆದರೆ ಕುತೂಹಲ ಬಿಡಲಿಲ್ಲ. ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತೆರೆದು, ಅದೇ ಕೋಡ್ ಎಲ್ಲೆಲ್ಲಿ ಏನೇನಾಗಿದೆಯೆಂದು ನೋಡುತ್ತ ಕೂತೆವು. ನನ್ನದೊಂದರಲ್ಲಿ ಅವಳು ಬರೆಯದ, ನನಗೂ ನೆನಪಿಲ್ಲದ ಒಂದು ಸಾಲಿತ್ತು.

“ತೆಗೆದು ನೋಡುವನಾ, ಎಂತ ಆಗ್ತದೆ ಅಂತ?”

ತೆಗೆದೆ. ಮಾಹೂಝ್ ಬಡಾವಣೆಯ ಫ್ಲ್ಯಾಟುಗಳೆಲ್ಲ ಎಡವಟ್ಟಾದವು. ಕೋಡ್ ಈಗ ಫ್ಲ್ಯಾಟಿನ ನಂಬರನ್ನು ಕಟ್ಟಡದ ನಂಬರೆಂದು ಓದತೊಡಗಿತ್ತು. ಅಲ್ಲಿ ನಾನಿದ್ದ ಮನೆಯೇ ಇನ್ಯಾವುದೋ ಕಟ್ಟಡಕ್ಕೆ ಹೋಗಿತ್ತು. ಬರೆದವರು ಯಾರೇ ಇರಲಿ, ಆ ಸಾಲನ್ನು ಇಬ್ಬರೂ ಸೇರಿ ಹೊಸ ಫೈಲಿಗೆ ಸೇರಿಸಿದೆವು.