ನಾಲ್ಕು ಗುಂಡಿನ ತೂಕ

ಮುನಿಯಪ್ಪ, ಆ ಬೆಳಿಗ್ಗೆ ನಾನು ನಿನ್ನ ಕೈಗಿಟ್ಟ ಮ್ಯಾಗಜೀನಿನಲ್ಲಿದ್ದದ್ದು ನಾಲ್ಕೇ ಗುಂಡು. ಐದು ಎಂದು ನಾನು ಹೇಳಿದ್ದು ಸುಳ್ಳು. ಐದನೆಯದು ರೈಫಲ್ಲಿನ ನಳಿಗೆಯೊಳಗೆ ಕೂತಿತ್ತು — ಅದನ್ನು ಅಲ್ಲಿಗೆ ನೂಕಿದವನು ನಾನೇ.

ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ನಿನ್ನ ಹೆಂಡತಿ, ಮಕ್ಕಳು ಓದಿದರೂ ಅರ್ಥವಾಗಬೇಕು.

ಬಂಗಾರಪೇಟೆಯ ಬ್ಯಾಂಕಿನಲ್ಲಿ ನಾವಿಬ್ಬರೂ ಗನ್‌ಮ್ಯಾನ್‌ಗಳು. ನಾನು ಊರಿಗಾಂನಿಂದ ಬರುತ್ತಿದ್ದೆ, ನೀನು ಕ್ಯಾಸಂಬಳ್ಳಿಯಿಂದ. ಇಬ್ಬರಿಗೂ ಒಂದೇ ರೈಫಲ್. ಪಾಳಿ ಬದಲಾದಾಗ ಕೈ ಬದಲಾಗುತ್ತಿತ್ತು. ಕೊಡುವವನು ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಬೋಲ್ಟ್ ಎಳೆದು ನಳಿಗೆ ಖಾಲಿಯೇ ಎಂದು ನೋಡಬೇಕು. ಪಡೆಯುವವನೂ ತೆರೆದು ನೋಡಿ, ಗುಂಡು ಎಣಿಸಿಕೊಂಡು, ಮರಳಿನ ಡ್ರಮ್ಮಿಗೆ ಗುರಿ ಹಿಡಿದು ಒಮ್ಮೆ ಟ್ರಿಗರ್ ಒತ್ತಬೇಕು — ಅಕಸ್ಮಾತ್ ಗುಂಡು ಉಳಿದಿದ್ದರೆ ಮರಳಿನಲ್ಲಿ ಹೂತುಹೋಗಲಿ ಎಂದು. ಇದನ್ನೆಲ್ಲ ನಿನಗೆ ಕಲಿಸಿದವನು ನಾನು. ಆದರೆ ಹಿರಿಯನ ಎದುರು ಬೋಲ್ಟ್ ತೆರೆದು ನೋಡಿದರೆ, ಗುಂಡು ಎಣಿಸಿದರೆ ಅವನನ್ನು ಅನುಮಾನಿಸಿದಂತೆ ಎಂಬ ಮರ್ಯಾದೆ ನಮ್ಮೊಳಗೆ ಬೆಳೆದಿತ್ತು. ಅದನ್ನು ನಾನು ತಡೆಯಲಿಲ್ಲ — ಹಿತವಾಗಿತ್ತು.

ಆ ದಿನ ಟೀ ಬಂದಿತ್ತು. ನಾನು ಕಣ್ಣು ಮುಚ್ಚಿಕೊಂಡು ಮ್ಯಾಗಜೀನಿಗೆ ಐದು ಗುಂಡು ತುಂಬಿ, ರೈಫಲ್ಲಿಗೆ ಸಿಕ್ಕಿಸಿ ತೋರಿಸುತ್ತಿದ್ದೆ.

"ಏನಣ್ಣಾ, ಬೆರಳಿಗೂ ಕಣ್ಣೈತಾ?" ಎಂದೆ ನೀನು.

"ನಿಂಗೆ ಎರಡಿದ್ರೂ ಕಾಣಾಕಿಲ್ಲ ಕಣ್ಲಾ" ಎಂದು ನಕ್ಕೆ.

ನಗುತ್ತಲೇ ಕ್ರಮ ತಪ್ಪಿಸಿದೆ. ಮ್ಯಾಗಜೀನ್ ಒಳಗಿರುವಾಗಲೇ ಬೋಲ್ಟ್ ಎಳೆದು ಮುಚ್ಚಿದೆ — ಹಾಗೆ ಮುಚ್ಚಿದರೆ ಮೇಲಿನ ಗುಂಡೊಂದು ನಳಿಗೆಗೆ ನುಗ್ಗುತ್ತದೆ — ಆಮೇಲೆ ಮ್ಯಾಗಜೀನ್ ತೆಗೆದೆ. ಅಂಗೈಗೆ ಅದು ಹಗುರವೆನಿಸಿತು. ಮುನಿಯಪ್ಪ, ನನಗೆ ಆಗಲೇ ಗೊತ್ತಾಯಿತು — ನಾಲ್ಕು ಗುಂಡಿನ ತೂಕ ಬೇರೆ, ಐದರದು ಬೇರೆ. ಅಷ್ಟು ವರ್ಷ ಹಿಡಿದ ಕೈ ಅದು, ತಪ್ಪುವುದಿಲ್ಲ. ತಡಿ, ಇನ್ನೊಮ್ಮೆ ನೋಡ್ತೀನಿ ಎನ್ನಬೇಕಿತ್ತು. ಈಗಷ್ಟೇ ಜಂಬ ಕೊಚ್ಚಿದವನು ಹಾಗೆಂದರೆ...

"ಐದೈತೆ, ಎಣಿಸ್ಕೊ" ಎಂದೆ.

"ನೀನ್ ಕೊಟ್ಟಿದ್ದನ್ನ ನಾನ್ ಎಣಿಸ್ತೀನಾ ಅಣ್ಣಾ?"

ಸುಣ್ಣ ಬಳಿಯುವವರು ಡ್ರಮ್ಮನ್ನು ಆಚೆ ಸರಿಸಿದ್ದರು. ಆ ವಾರವೆಲ್ಲ ನಾವು ಮಾಡುತ್ತಿದ್ದಂತೆ ನೀನು ಗೋಡೆಯ ಬುಡದ ಕಲ್ಲಿಗೆ ಗುರಿ ಹಿಡಿದೆ. ಗುಂಡು ಹಾರಿತು. ಸಿಡಿದ ಕಲ್ಲಿನ ಚೂರು ನಿನ್ನ ಎಡಗಣ್ಣನ್ನು ಕಿತ್ತುಕೊಂಡಿತು.

ವಿಚಾರಣೆಯಲ್ಲಿ ನಾನು ತಡವರಿಸಲಿಲ್ಲ. "ಖಾಲಿ ಮಾಡೇ ಕೊಟ್ಟೆ ಸಾರ್. ಮ್ಯಾಗಜೀನಲ್ಲಿ ಐದೂ ಇತ್ತು." ಹಾಗಾದರೆ ಒಂದನ್ನು ನಳಿಗೆಗೆ ಹಾಕಿದವನು ನೀನೇ ಎಂದಾಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ ನೀನು ಹೇಳಿದ್ದು ಇಷ್ಟೇ: "ನಾನು ಎಣಿಸ್ಲಿಲ್ಲ ಸಾರ್. ಅಣ್ಣ ಕೊಟ್ಟಿದ್ದಲ್ವಾ." ನಿನ್ನ ಅಜಾಗರೂಕತೆ ಎಂದು ಬರೆದುಕೊಂಡರು. ನೀನು ಕೆಲಸ ಕಳೆದುಕೊಂಡು ಮನೆಗೆ ಹೋದೆ. ನಾನು ನಿವೃತ್ತಿಯವರೆಗೂ ಅದೇ ಕುರ್ಚಿಯಲ್ಲಿ ಕೂತೆ. ಅಷ್ಟೇ ಅಲ್ಲ — ಹೊಸಬರು ಬಂದಾಗಲೆಲ್ಲ ನಿನ್ನ ಕಥೆ ಹೇಳಿ, "ಎಣಿಸದಿದ್ರೆ ಇಂಗಾಗ್ತದೆ" ಎಂದು ಪಾಠ ಮಾಡಿದೆ. ನಿನ್ನ ಹೆಸರು ಹಿಡಿದೇ ಹೇಳುತ್ತಿದ್ದೆ.

ಆ ಹುಡುಗರು ಈಗ ಎಲ್ಲೆಲ್ಲಿ ಕಾವಲಿದ್ದಾರೋ, ಒಬ್ಬೊಬ್ಬರನ್ನೇ ಹುಡುಕಿ ಹೇಳುತ್ತಿದ್ದೇನೆ, ತಪ್ಪು ನನ್ನದು ಎಂದು. ಮೂವರು ಸಿಕ್ಕಿದ್ದಾರೆ. ಬ್ಯಾಂಕಿಗೂ ಬರೆದುಕೊಟ್ಟಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಆ ಮಾತು ನನ್ನ ಬಾಯಿಗೆ ಸಲ್ಲುವುದಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಕ್ಯಾಸಂಬಳ್ಳಿಗೆ ಬರುತ್ತೇನೆ. ಬ್ಯಾಂಕಿಗೆ ಕೊಟ್ಟ ಹೇಳಿಕೆಯ ಪ್ರತಿಯನ್ನು ನಿನ್ನ ಕೈಗೆ ಕೊಡಬೇಕು. ಒಟ್ಟು ಮೂರು ಹಾಳೆ, ಮೂರರಲ್ಲೂ ನನ್ನ ಸಹಿ ಇದೆ. ಅಣ್ಣ ಕೊಟ್ಟದ್ದು ಎಂದು ಹಾಗೇ ಒಳಗಿಡಬೇಡ. ನನ್ನ ಎದುರಿಗೇ ಎಣಿಸಿಕೊ.