ಹದಿನಾಲ್ಕನೇ ನಂಬರಿನ ಎಡಗೆನ್ನೆ

ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕೆನ್ನೆ ಅಕ್ಕ ಎಂದೇ ಕರೆಯುತ್ತಿದ್ದರು, ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ಚರ್ಮದ ಡಾಕ್ಟರವರೆಗೆ. ಕ್ರೀಮು, ಲೋಷನ್ನುಗಳು ಅಂಗಡಿಗೆ ಹೋಗುವ ಮುಂಚೆ ಹೇಳಿದ ಕೆಲಸ ಮಾಡುತ್ತವೋ ಇಲ್ಲವೋ ಎಂದು ಜನರ ಮುಖದ ಮೇಲೆ ನೋಡುವ ಜಾಗ ಅದು. ಯಾರ ಚರ್ಮದಲ್ಲಿ ಎಷ್ಟು ತೇವ ಇದೆ, ಎಷ್ಟು ಜಿಡ್ಡು ಇದೆ ಎಂದು ಅಳೆಯುವುದು ಅಕ್ಕನ ಪಾಲಿಗೆ ಬಂದಿತ್ತು. ಹತ್ತೊಂಬತ್ತು ವರ್ಷದಿಂದ ಅದೊಂದೇ ಕೆಲಸ. ದಾರಿಯಲ್ಲಿ ಯಾರಾದರೂ ಎದುರಾದರೆ ಮೊದಲು ಕೆನ್ನೆ ನೋಡಿ, ಆಮೇಲೆ ಗುರುತು ಹಿಡಿಯುವಷ್ಟು ಅಭ್ಯಾಸವಾಗಿಹೋಗಿತ್ತು.

ಮನೆಯಲ್ಲಿ ಗಂಡ, ಬಸ್ಸು ಓಡಿಸಿ ನಿವೃತ್ತನಾದವನು, ಬೆಳಗ್ಗೆ ಗಡ್ಡ ಕೆರೆದುಕೊಂಡು ಬಂದು ಮುಖ ಮುಂದೆ ಚಾಚುತ್ತಿದ್ದ. "ನಂದು ಎಷ್ಟು ಬರುತ್ತೆ ಹೇಳು ನೋಡೋಣ."

"ನಿಮ್ಮದು ಅಳೆಯೋಕೆ ಹೋದ್ರೆ ಮಿಷನ್ನೇ ದಾಹ ಅಂತ ಕೂಗುತ್ತೆ."

"ಆಹಾ, ಮೂವತ್ತು ವರ್ಷ ಕಿಟಕಿ ಪಕ್ಕ ಬಿಸಿಲು ಕುಡಿದ ಕೆನ್ನೆ ಕಣೇ ಇದು. ಸ್ವಲ್ಪ ಮರ್ಯಾದೆ ಕೊಡು."

ಹೀಗೆ ತಮಾಷೆ ಮಾಡುತ್ತಲೇ ಅಕ್ಕ ಬಲಗೈ ಹೆಬ್ಬೆರಳನ್ನು ಸೀರೆಯ ಮಡಿಕೆಯೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಆರು ತಿಂಗಳಿಂದ ಅದರ ಬುಡ ಊದಿಕೊಂಡಿತ್ತು. ಬಾಟಲಿಯ ಮುಚ್ಚಳ ತಿರುಗಿಸಿದರೆ ಮೊಣಕೈವರೆಗೂ ಚುಳ್ಳೆನ್ನುತ್ತಿತ್ತು. ಗಂಡನಿಗೆ ಹೇಳಿದ್ದರೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದ, ಡಾಕ್ಟರು ಕೆಲಸ ಬಿಡಿ ಅನ್ನುತ್ತಿದ್ದರು. ಆದ್ದರಿಂದ ಯಾರಿಗೂ ಹೇಳಿರಲಿಲ್ಲ.

ಏಕೆಂದರೆ ಆ ಕೆಲಸವೆಲ್ಲ ಹೆಬ್ಬೆರಳಿನದೇ. ತೇವ ನೋಡುವುದಕ್ಕೆ ಪೆನ್ನಿನಂಥ ಒಂದು ಕಡ್ಡಿ. ಅದರ ಚಪ್ಪಟೆ ತುದಿಯನ್ನು ಕೆನ್ನೆಗೆ ನೆಟ್ಟಗೆ ಇಟ್ಟು ಒತ್ತಿದರೆ ಕೀಕ್ ಎಂದು ಅಂಕಿ ಬರುತ್ತದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಜಿಡ್ಡಿನದು ಹಾಗಲ್ಲ. ಒಂದು ಪುಟ್ಟ ಡಬ್ಬಿಯಲ್ಲಿ ಮಂಕು ಬಣ್ಣದ ಟೇಪಿನ ಸುರುಳಿ ಇರುತ್ತದೆ, ಒಂದೊಂದು ಅಳತೆಗೂ ಹೊಸ ತುಂಡು ಮುಂದಕ್ಕೆ ತಿರುಗಿಸಬೇಕು. ಅದನ್ನು ಚರ್ಮಕ್ಕೆ ಒತ್ತಿ ಮೂವತ್ತು ಸೆಕೆಂಡು ಹಿಡಿಯಬೇಕು, ಅಲುಗಾಡದಂತೆ, ಒತ್ತು ಹೆಚ್ಚೂ ಆಗದೆ ಕಡಿಮೆಯೂ ಆಗದೆ. ಜಿಡ್ಡು ಹೀರಿಕೊಂಡಷ್ಟೂ ಟೇಪು ಪಾರದರ್ಶಕವಾಗುತ್ತದೆ, ಅದರ ಮೂಲಕ ಎಷ್ಟು ಬೆಳಕು ಹಾಯುತ್ತದೆ ಎಂದು ನೋಡಿ ಯಂತ್ರ ಲೆಕ್ಕ ಹೇಳುತ್ತದೆ. ಹೊಸಬರ ಕೈಯಲ್ಲಿ ಆ ಮೂವತ್ತು ಸೆಕೆಂಡು ಮೂರು ಸಲ ನಡುಗುತ್ತದೆ. ಅಕ್ಕನ ಕೈ ಪಳಗಿದ ಕೈ. ಒತ್ತಿದ್ದು ಕೆನ್ನೆಗೇ ಗೊತ್ತಾಗುತ್ತಿರಲಿಲ್ಲ.

ಆ ಸಲದ ಪರೀಕ್ಷೆ ಮುಖದ ಜಿಡ್ಡು ಇಳಿಸುವ ಕ್ರೀಮಿನದು. ಆರು ವಾರ, ಮೂವತ್ತು ಹೆಂಗಸರು. ಎಡಗೆನ್ನೆಗೆ ದಿನವೂ ಕ್ರೀಮು, ಬಲಗೆನ್ನೆಗೆ ಏನೂ ಇಲ್ಲ. ಎರಡು ವಾರಕ್ಕೊಮ್ಮೆ ಅಳತೆ. ಅಳತೆಯ ದಿನ ಬೆಳಗ್ಗೆ ಬರೀ ನೀರಲ್ಲಿ ಮುಖ ತೊಳೆದು, ಆಮೇಲೆ ಏನನ್ನೂ ಹಚ್ಚದೆ ಬರಬೇಕು. ಬಂದ ಮೇಲೆ ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಕೂರಬೇಕು. ಆ ಕೋಣೆಯ ತಂಪು, ಗಾಳಿಯ ತೇವ ಎರಡೂ ವರ್ಷವಿಡೀ ಒಂದೇ ಸಮ. ಹೊರಗಿನ ಬಿಸಿಲನ್ನು, ಬಸ್ಸಿನ ಬೆವರನ್ನು ಮುಖ ಮರೆಯಲಿ ಎಂದು.

ಹದಿನಾಲ್ಕನೇ ನಂಬರಿನವಳು ಆ ಇಪ್ಪತ್ತು ನಿಮಿಷಕ್ಕೆಂದೇ ಬರುತ್ತಿದ್ದಳೇನೋ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಕಣ್ಣ ಕೆಳಗೆ ಕಪ್ಪು, ಬ್ಲೌಸಿಗೆ ಒಂದು ಪಿನ್ನು. ಕುರ್ಚಿಯಲ್ಲಿ ಕೂತ ಎರಡನೇ ನಿಮಿಷಕ್ಕೆ ನಿದ್ದೆ ಹೊಡೆಯುತ್ತಿದ್ದಳು. ಅಕ್ಕ ಎಬ್ಬಿಸಿದರೆ ಗಾಬರಿಯಿಂದ "ಅಳ್ತಿದ್ದಾನಾ?" ಎಂದು ಕೇಳಿ, ಆಮೇಲೆ ಎಲ್ಲಿದ್ದೇನೆಂದು ನೆನಪಾಗಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಯಾರು ಅಳುತ್ತಿದ್ದಾರೆ ಎಂದು ಅಕ್ಕ ಕೇಳಿರಲಿಲ್ಲ. ಕೆನ್ನೆಯವರೊಂದಿಗೆ ಹೆಚ್ಚು ಮಾತಾಡಬಾರದು ಎಂಬುದೂ ಒಂದು ನಿಯಮ. ಮಾತಾಡಿದರೆ ನಗು ಬರುತ್ತದೆ, ನಕ್ಕರೆ ಮುಖ ಬಿಸಿಯಾಗುತ್ತದೆ.

ಅವಳ ಎಡಗೆನ್ನೆಯ ಜಿಡ್ಡು ಮೊದಲ ದಿನ ತೊಂಬತ್ತೆರಡು. ಎರಡು ವಾರಕ್ಕೆ ಎಂಬತ್ತೊಂದು. ನಾಲ್ಕನೇ ವಾರ ನೂರಾ ನಲವತ್ತಾರು.

ಮೇಡಂ, ಅಂದರೆ ಇಡೀ ಪರೀಕ್ಷೆಯ ಹೊಣೆ ಹೊತ್ತವಳು, ಅಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಹಾಳೆ ಹಿಡಿದುಕೊಂಡು ಬಂದು ಬಾಗಿಲು ಮುಂದಕ್ಕೆ ಹಾಕಿದಳು.

"ಅಕ್ಕ, ಬಲಗೆನ್ನೆ ಸರಿಯಾಗಿದೆ. ಎಡಗೆನ್ನೆ ಮಾತ್ರ ಹಾರಿಬಿಟ್ಟಿದೆ. ಕ್ರೀಮ್ ಹಚ್ಚಿದ ಕೆನ್ನೇಲೇ ಜಿಡ್ಡು ಜಾಸ್ತಿ ಆಗೋದು ಹೇಗೆ?"

"ಬೇರೆ ಏನಾದ್ರೂ ಹಚ್ಚಿರಬಹುದು."

"ಇಲ್ಲ ಅಂತಾಳೆ. ಎರಡು ಸಲ ಕೇಳಿದೀನಿ." ಮೇಡಂ ಹಾಳೆಯನ್ನು ಮೇಜಿನ ಮೇಲಿಟ್ಟಳು. "ಬೇಜಾರು ಮಾಡ್ಕೋಬೇಡಿ. ಬೆಳಗಿನ ಸಾಲಿನಲ್ಲಿ ಅವಳೇ ಕೊನೆ. ಅವಳಲ್ಲೂ ಎಡಗೆನ್ನೆ ಕೊನೆ. ಅಷ್ಟೊತ್ತಿಗೆ ನಿಮ್ಮ ಕೈ ಸೋತಿರುತ್ತೆ. ಮೊನ್ನೆ ತೇವದ ಕಡ್ಡೀನ ಎಡಗೈಲಿ ಹಿಡ್ಕೊಂಡಿದ್ರಿ, ನೋಡಿದೆ ನಾನು."

ಅಕ್ಕ ಹೆಬ್ಬೆರಳನ್ನು ಸೆರಗಿನೊಳಗೆ ಸರಿಸಿಕೊಂಡಳು.

"ಸ್ಯಾಂಪಲ್ ರೂಮಲ್ಲಿ ಒಬ್ರು ಬೇಕಾಗಿದ್ದಾರೆ. ಡಬ್ಬಕ್ಕೆ ಲೇಬಲ್ ಅಂಟಿಸೋದು, ಜೋಡಿಸೋದು. ಆರಾಮದ ಕೆಲಸ. ನಾಳೆ ಅವಳನ್ನ ಇನ್ನೊಂದು ಸಲ ಕರೆಸಿದೀನಿ. ನೀವೇ ಅಳೀರಿ. ಆಮೇಲೆ ನೋಡೋಣ."

ಆರಾಮದ ಕೆಲಸ. ಹಾಗೆಂದವಳ ದನಿಯಲ್ಲಿ ನಿಜವಾಗಿಯೂ ಕಾಳಜಿ ಇತ್ತು, ಅದೇ ಅಕ್ಕನಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಡಬ್ಬಗಳಿಗೆ ಕೆನ್ನೆ ಇರುವುದಿಲ್ಲ. ಮುಟ್ಟಿದರೆ ಕಣ್ಣು ಮುಚ್ಚುವುದಿಲ್ಲ. ಗುರುತು ಪರಿಚಯವಿಲ್ಲದ ಎಷ್ಟೋ ಹೆಂಗಸರು ಈ ಕುರ್ಚಿಯಲ್ಲಿ ಕೂತು, ಅಕ್ಕನ ಕೈಯಡಿಯಲ್ಲಿ ಮೂವತ್ತು ಸೆಕೆಂಡು ಎಲ್ಲವನ್ನೂ ಬಿಟ್ಟು ಕೂತಿರುತ್ತಿದ್ದರು. ಮಕ್ಕಳಿಲ್ಲದ ಅಕ್ಕನಿಗೆ ಆ ಮೂವತ್ತು ಸೆಕೆಂಡು ಏನಾಗಿತ್ತು ಎಂದು ಅವಳು ಯಾರಿಗೂ ಹೇಳಿದವಳಲ್ಲ. ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಮಾರನೇ ದಿನ ಎಲ್ಲರಿಗಿಂತ ಮುಂಚೆ ಬಂದು ಆ ತಂಪು ಕೋಣೆಯಲ್ಲಿ ತನ್ನ ಸ್ಟೂಲಿನ ಮೇಲೆ ಕೂತು ತನ್ನದೇ ಮುಂಗೈ ಮೇಲೆ ತೇವದ ಕಡ್ಡಿಯನ್ನು ಇಪ್ಪತ್ತೇಳು ಸಲ ಒತ್ತಿ ನೋಡಿದಳು. ಎಲ್ಲ ಅಂಕಿಗಳೂ ಒಂದಕ್ಕೊಂದು ಅಂಟಿಕೊಂಡೇ ಬಂದವು. ಒಂದು ಕ್ಷಣ ಸಮಾಧಾನ. ಮರುಕ್ಷಣವೇ, ಇದು ಬೆಳಗಿನ ಕೈ, ರಾತ್ರಿಯೆಲ್ಲ ಮಲಗೆದ್ದ ಕೈ, ಇದರ ಸಾಕ್ಷಿ ಏನು ನಂಬುವುದು ಎನಿಸಿತು. ಅದೂ ಅಲ್ಲದೆ ಕಡ್ಡಿಯ ಒತ್ತು ಬೇರೆ, ಟೇಪಿನ ಒತ್ತು ಬೇರೆ. ನಿಜ ಹೇಳಬೇಕೆಂದರೆ ಮೇಡಂ ಹೇಳಿದ್ದು ಸುಳ್ಳೆಂದು ಅಕ್ಕನಿಗೇ ಖಾತ್ರಿ ಇರಲಿಲ್ಲ.

ಹದಿನಾಲ್ಕನೇ ನಂಬರಿನವಳು ಒಂಬತ್ತೂವರೆಗೆ ಓಡೋಡಿ ಬಂದಳು. ಇಪ್ಪತ್ತು ನಿಮಿಷ ನಿದ್ದೆ ಮಾಡಿದಳು. ಅಕ್ಕ ಈ ಸಲ ಬೇಕೆಂದೇ ಎಡಗೆನ್ನೆಯಿಂದ ಶುರು ಮಾಡಿದಳು. ಟೇಪು ಒತ್ತಿದಳು, ಮನಸ್ಸಿನಲ್ಲೇ ಎಣಿಸಿದಳು. ಹದಿನೆಂಟಕ್ಕೆ ಹೆಬ್ಬೆರಳು ಉರಿಯತೊಡಗಿತು. ಹಲ್ಲು ಕಚ್ಚಿ ಮೂವತ್ತು ಮುಗಿಸಿದಳು.

ನೂರಾ ಐವತ್ತೊಂದು.

ಮುಗಿಯಿತು ಎಂದುಕೊಂಡಳು. ಲೇಬಲ್ಲು, ಡಬ್ಬ, ಅಂಟು. ಆದರೂ ಹತ್ತೊಂಬತ್ತು ವರ್ಷದ ರೂಢಿ ಬಿಡಲಿಲ್ಲ. ಟೇಪನ್ನು ಮುಂದಕ್ಕೆ ತಿರುಗಿಸುವ ಮುಂಚೆ ದೀಪಕ್ಕೆ ಹಿಡಿದು ನೋಡಿದಳು. ಟೇಪಿಗೆ ಒಂದು ಕೂದಲು ಅಂಟಿತ್ತು. ಕೂದಲು ಎನ್ನುವುದಕ್ಕೂ ಆಗದಷ್ಟು ಸಣ್ಣದು, ರೇಷ್ಮೆಯ ಎಳೆಯ ಹಾಗೆ, ಅರ್ಧ ಬೆರಳುದ್ದ. ಕುರ್ಚಿಯಲ್ಲಿದ್ದವಳ ಜಡೆ ದಪ್ಪ, ಕಪ್ಪು. ಇದು ಅವಳದಲ್ಲ.

ಅಕ್ಕ ಬಾಗಿ ಆ ಕೆನ್ನೆಗೆ ಮೂಗು ಹತ್ತಿರ ತಂದಳು. ಕ್ರೀಮಿನ ವಾಸನೆ ಅವಳಿಗೆ ಬಾಯಿಪಾಠ. ಅದರ ಕೆಳಗೆ ಇನ್ನೊಂದು ವಾಸನೆ ಇತ್ತು: ಎಣ್ಣೆಯದು, ಜೊತೆಗೆ ನಿದ್ದೆಯ ಬೆಚ್ಚಗಿನದು.

"ಮನೇಲಿ ಪಾಪು ಇದೆಯಾಮ್ಮ?"

ಹುಡುಗಿ ಕಣ್ಣು ಬಿಟ್ಟಳು. "ಇದಾನೆ. ಒಂದೂವರೆ ವರ್ಷ. ಯಾಕಕ್ಕಾ?"

"ಬೆಳಗ್ಗೆ ಎತ್ಕೊಂಡಿದ್ಯಾ?"

"ಎತ್ಕೊಳ್ದೇ ಇದ್ರೆ ಬಿಡ್ತಾನಾ? ಹಾಲು ಬಿಡಿಸಿ ಮೂರು ತಿಂಗಳಾಯ್ತು, ಅವತ್ತಿಂದ ಭುಜದ ಮೇಲೇ ನಿದ್ದೆ. ಕೆಳಗೆ ಹಾಕಿದ್ರೆ ಎಚ್ಚರ. ಆರು ಗಂಟೆಗೆ ಮುಖ ತೊಳ್ಕೊಂಡೆ, ಎಂಟೂವರೆವರೆಗೂ ಹಿಂಗೇ ಓಡಾಡ್ತಿದ್ದೆ." ಅವಳು ಎಡಗೈ ಮಡಚಿ, ಇಲ್ಲದ ಮಗುವಿನ ತಲೆಗೆ ಎಡಗೆನ್ನೆ ಆನಿಸಿ ತೋರಿಸಿದಳು.

"ತಲೆಗೆ ಎಣ್ಣೆ ಹಚ್ತೀಯಾ?"

"ಹದಿನೈದು ದಿನದಿಂದ. ನೆತ್ತಿ ಮೇಲೆ ಹೊಟ್ಟು ಥರ ಎದ್ದಿತ್ತು, ಮಕ್ಕಳ ಡಾಕ್ಟ್ರು ಬೆಳಗ್ಗೆ ಸಂಜೆ ಹಚ್ಚಿ ಅಂದ್ರು." ಹೇಳುತ್ತಿದ್ದಂತೆ ಅವಳಿಗೂ ಹೊಳೆಯಿತು. "ಅಯ್ಯೋ, ಅದು ನನ್ನ ಮುಖಕ್ಕೆ... ನಾನು ಹಚ್ಕೊಂಡಿಲ್ಲಕ್ಕಾ. ಆಣೆಗೂ ಇಲ್ಲ."

ಹಚ್ಚಿಕೊಂಡಿರಲಿಲ್ಲ, ನಿಜ. ಪರೀಕ್ಷೆಗೆ ಸೇರುವಾಗ ತುಂಬಿಸಿಕೊಂಡ ಫಾರಂನಲ್ಲಿ ಹಾಲೂಡಿಸುತ್ತಿದ್ದೀರಾ ಎಂಬ ಪ್ರಶ್ನೆ ಇತ್ತು. ಎತ್ತಿಕೊಳ್ಳುತ್ತೀರಾ, ಯಾವ ಭುಜಕ್ಕೆ ಎಂಬ ಪ್ರಶ್ನೆ ಇರಲಿಲ್ಲ. ಅಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೈ ಸರಿ ಇದೆ. ಕೈ ಸರಿಯಾಗಿಯೇ ಇದೆ. ಇನ್ನೇನು ನಕ್ಕುಬಿಡಬೇಕು, ಅಷ್ಟರಲ್ಲಿ ಹುಡುಗಿಯ ಮುಖ ನೋಡಿದಳು. ಅದು ಬಿಳಿಚಿಕೊಂಡಿತ್ತು.

"ಅಕ್ಕಾ, ಅವನ ಎಣ್ಣೆ ನನಗೆ ಅಂಟಿದೆ ಅಂದ್ರೆ, ನನ್ನ ಕ್ರೀಮು ಅವನ ತಲೆಗೂ ಹೋಗಿರುತ್ತಲ್ವಾ?"

ಅಕ್ಕ ಇದನ್ನು ಯೋಚಿಸಿರಲಿಲ್ಲ. ತನ್ನ ಹೆಬ್ಬೆರಳಿನ ಚಿಂತೆಯಲ್ಲಿ ಟೇಪಿನ ಒಂದೇ ಕಡೆ ನೋಡಿದ್ದಳು.

"ನಿನ್ನೆ ಕೆರ್ಕೊತಿದ್ದ ತಲೇನ. ನಾನು ಹೊಟ್ಟಿಗೆ ಅಂದ್ಕೊಂಡೆ. ಬಾಯಿಗೆ ಹೋಗಿದ್ರೆ? ಕೈ ತಲೇಲಿಟ್ಟು ಅದೇ ಕೈ ಚೀಪ್ತಾನೆ. ನಾನೇ ಅಲ್ವಾ, ಬೆಳಗ್ಗೆ ಸಂಜೆ ಅಪ್ಪಿಕೊಂಡು ಅಪ್ಪಿಕೊಂಡು..." ಕಣ್ಣೀರು ಎರಡೂ ಕೆನ್ನೆಯ ಮೇಲೆ ಇಳಿಯಿತು, ಕ್ರೀಮಿನ ಕೆನ್ನೆ, ಬರೀ ಕೆನ್ನೆ ಎಂದು ನೋಡದೆ.

ಕುರ್ಚಿಯಲ್ಲಿ ಯಾರಾದರೂ ಅತ್ತರೆ ಒರೆಸಕೂಡದು, ತಾನಾಗಿ ಆರಲಿ ಎಂದು ಕಾದು, ಮತ್ತೆ ಇಪ್ಪತ್ತು ನಿಮಿಷ ಕೂರಿಸಬೇಕು. ಅಕ್ಕ ಸೆರಗಿನಲ್ಲಿ ಒರೆಸಿದಳು. "ಏಳು. ಡಾಕ್ಟ್ರು ಮೇಲೇ ಇದಾರೆ. ಮಗು ಎಲ್ಲಿದೆ?"

"ಅಮ್ಮನ ಹತ್ರ. ಎರಡು ಸ್ಟಾಪು."

"ಅಮ್ಮನಿಗೆ ಫೋನ್ ಮಾಡು, ಆಟೋದಲ್ಲಿ ಕರ್ಕೊಂಡು ಬರಲಿ. ನಾನು ಮೇಡಂಗೆ ಹೇಳ್ತೀನಿ."

ಅಜ್ಜಿ ಬಂದದ್ದು ಮಗುವಿನೊಂದಿಗೆ, ಒಂದು ಚೀಲ ಬಟ್ಟೆಯೊಂದಿಗೆ, ಬಯ್ಗುಳದೊಂದಿಗೆ. "ಮುಖಕ್ಕೆ ಕಂಡೋರ ಕ್ರೀಮು ಮೆತ್ಕೊಳೋಕೆ ಹೋಗ್ಬೇಡ ಅಂತ ಬಡ್ಕೊಂಡೆ. ಕೇಳ್ತಾಳಾ?" ಡಾಕ್ಟರು ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು ನೆತ್ತಿ, ಕಿವಿಯ ಹಿಂದೆ, ಕೈಯ ಬೆರಳ ಸಂದು ಎಲ್ಲ ನೋಡಿದರು. ಕ್ರೀಮಿನಲ್ಲಿ ಏನೇನಿದೆ ಎಂಬ ಪಟ್ಟಿ ತರಿಸಿ ಮೇಲಿಂದ ಕೆಳಗೆ ಎರಡು ಸಲ ಓದಿದರು. ಮಗು ಅವರ ಕನ್ನಡಕ ಕಿತ್ತುಕೊಂಡಿತು.

"ಏನೂ ಆಗಿಲ್ಲಮ್ಮ. ಕೆಂಪಿಲ್ಲ, ಗುಳ್ಳೆ ಇಲ್ಲ. ಕೆರ್ಕೊಳೋದು ಹೊಟ್ಟಿಗೇ, ಅದೂ ವಾಸಿ ಆಗ್ತಾ ಇದೆ. ಆದರೂ ಮೂರು ದಿನ ಬಿಟ್ಟು ಇನ್ನೊಂದ್ಸಲ ತೋರಿಸಿ."

"ನಿಜವಾಗ್ಲೂ ಏನೂ ಇಲ್ವಾ ಡಾಕ್ಟ್ರೇ?" ಹುಡುಗಿ ನಾಲ್ಕು ಸಲ ಕೇಳಿದಳು. ಐದನೆಯದಕ್ಕೆ ಅಜ್ಜಿಯೇ ತಡೆದಳು. "ಸಾಕು ಸುಮ್ನಿರೇ, ಪಾಪ ಅವರ ಕನ್ನಡಕ ಆದ್ರೂ ಕೊಡ್ಸು."

ಪರೀಕ್ಷೆಯಿಂದ ಹದಿನಾಲ್ಕನೇ ನಂಬರು ಅವತ್ತೇ ಹೊರಗೆ. ಮೇಡಂ ಅವಳ ಹೆಸರಿನ ಮುಂದೆ ಕಾರಣ ಬರೆದು, ಉಳಿದವರಿಗೂ ಒಂದೊಂದು ಫೋನು ಮಾಡಿಸಿದಳು, ಮನೆಯಲ್ಲಿ ಎಳೆಯ ಮಕ್ಕಳಿವೆಯೇ ಎಂದು ಕೇಳುವುದಕ್ಕೆ. ಆಮೇಲೆ ಟೇಪನ್ನು ಬೆಳಕಿಗೆ ಹಿಡಿದು ಆ ಕೂದಲನ್ನು ಬಹಳ ಹೊತ್ತು ನೋಡಿದಳು.

"ನಾನಾಗಿದ್ರೆ ಟೇಪು ತಿರುಗಿಸಿಬಿಡ್ತಿದ್ದೆ, ಅಕ್ಕ. ಸಾರಿ. ಕೈ ಬಗ್ಗೆ ಸುಮ್ನೆ ಅಂದುಬಿಟ್ಟೆ. ನಿಮ್ಮ ಕೈ ಸರಿಯಾಗೇ ಇದೆ."

ಇಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಹೌದು ಎಂದು ತಲೆಯಾಡಿಸಿ ಮುಂದಿನ ಕೆನ್ನೆಗೆ ಹೋಗಬಹುದಿತ್ತು. ಆದರೆ ಬೆಳಗ್ಗೆ ಆ ಹುಡುಗಿ ಕೇಳಿದ ಪ್ರಶ್ನೆ ಅಕ್ಕನ ಕಿವಿಯಲ್ಲಿ ಇನ್ನೂ ಇತ್ತು. ತಾನು ಕೈ ಉಳಿಸಿಕೊಳ್ಳುವ ಖುಷಿಯಲ್ಲಿ ಮಗುವನ್ನು ಮರೆತಿದ್ದಳು. ನಾಳೆ ನೋವಿನ ಹೆಬ್ಬೆರಳು ನಿಜವಾಗಿಯೂ ತಪ್ಪು ಅಂಕಿ ಕೊಟ್ಟರೆ, ಅದನ್ನು ನಂಬಿ ಹೊರಟ ಕ್ರೀಮು ಇನ್ಯಾವ ಮುಖಕ್ಕೆ, ಇನ್ಯಾವ ನೆತ್ತಿಗೆ ಹೋಗುತ್ತದೋ.

"ಅಂಕಿ ಸರಿ ಇದೆ ಮೇಡಂ. ಕೈ ಸರಿ ಇಲ್ಲ," ಎಂದಳು. "ಹದಿನೆಂಟು ಎಣಿಸೋಷ್ಟರಲ್ಲಿ ಉರಿ ಶುರುವಾಗುತ್ತೆ. ಆರು ತಿಂಗಳಾಯ್ತು."

ಮೇಡಂ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, "ಕೊಡಿ ಇಲ್ಲಿ," ಎಂದು ಅಕ್ಕನ ಬಲಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಊದಿದ ಬುಡವನ್ನು ಮೆಲ್ಲಗೆ ಒತ್ತಿದಳು. "ಇಲ್ಲೇನಾ ನೋವು?"

"ಸ್ವಲ್ಪ ಕೆಳಗೆ."

"ಇಷ್ಟು ಊದಿದೆ, ಯಾರಿಗೂ ಹೇಳಿಲ್ಲ. ಮನೇಲೂ?"

"ಮನೇಲಿ ಹೇಳಿದ್ರೆ ಬಸ್ಸಿಗೆ ಬ್ರೇಕ್ ಹಾಕ್ದಂಗೆ ಕೆಲಸಕ್ಕೆ ಬ್ರೇಕ್ ಹಾಕಿಬಿಡ್ತಾರೆ."

ಮೇಡಂಗೆ ನಗು ಬಂತು, ಆದರೂ ಕೈ ಬಿಡಲಿಲ್ಲ. ಒಂದು ತಿಂಗಳು ಟೇಪು ಮುಟ್ಟಕೂಡದು, ನಾಳೆಯೇ ಮೂಳೆ ಡಾಕ್ಟರ ಹತ್ತಿರ ಹೋಗಬೇಕು, ತೇವದ ಕಡ್ಡಿಯೂ ಬೆಳಗಿನ ಹೊತ್ತು ಮಾತ್ರ ಎಂದಳು. ಟೇಪಿನ ಕೆಲಸಕ್ಕೆ ಹೊಸ ಹುಡುಗಿಯೊಬ್ಬಳನ್ನು ಹಾಕುವುದಾಗಿಯೂ, ಅಕ್ಕ ಪಕ್ಕದಲ್ಲಿ ನಿಂತು ಅವಳ ಕೈ ತಿದ್ದಬೇಕೆಂದೂ ಹೇಳಿದಳು. ತಿಂಗಳಾದ ಮೇಲೆ? ಅದನ್ನು ಮೇಡಂ ಹೇಳಲಿಲ್ಲ, ಅಕ್ಕ ಕೇಳಲಿಲ್ಲ.

ಹೊಸ ಹುಡುಗಿ ಆ ವಾರವೇ ಬಂದಳು. ಟೇಪಿನ ಡಬ್ಬಿ ಹಿಡಿದಾಗ ಅವಳ ಕೈ ಕೋಳಿಮರಿಯಂತೆ ನಡುಗುತ್ತಿತ್ತು. ಯಾರ ಕೆನ್ನೆಯ ಮೇಲೆ ಕಲಿಯಲಿ ಎಂದು ಕೇಳಿದಳು.

ಅಕ್ಕ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ, ತನ್ನ ಮುಖವನ್ನೇ ಕೊಟ್ಟಳು. "ಒತ್ತು. ಹೆದರ್ಬೇಡ, ಇದು ಹರಿದುಹೋಗೋ ಕಾಗದ ಅಲ್ಲ. ಜೋರಾಗಿ ಎಣಿಸು, ನಂಗೂ ಕೇಳಲಿ."

ಹುಡುಗಿ ಎಣಿಸತೊಡಗಿದಳು. ಹತ್ತೊಂಬತ್ತು ವರ್ಷದಲ್ಲಿ ಆ ಕುರ್ಚಿಯಲ್ಲಿ ಅಕ್ಕ ಕೂತದ್ದು ಅದೇ ಮೊದಲು. ಹನ್ನೊಂದು, ಹನ್ನೆರಡು ಎನ್ನುವಷ್ಟರಲ್ಲಿ ನಡುಕ ನಿಂತು ಆ ಬೆರಳು ಕೆನ್ನೆಯ ಮೇಲೆ ಬೆಚ್ಚಗೆ ಕೂತಿತು. ಅಕ್ಕ ಕಣ್ಣು ಮುಚ್ಚಿದಳು.